ಗಂಡ ಚಾಚಿದ ಕೈ

ಮನೆಮನೆಗೆ ಹೋಗಿ ರಕ್ತ ತೆಗೆಯೋದು ನನ್ನ ಕೆಲಸ. ರಾಮಮೂರ್ತಿನಗರದ ಒಂದು ಬಾಡಿಗೆ ಮನೆಯಲ್ಲಿ, ಕಿಡ್ನಿ ಕಸಿಯಾದ ಹೆಂಗಸೊಬ್ಬರಿಗೆ ಕೋವಿಡ್ ಲಸಿಕೆ ಎಷ್ಟು ಹತ್ತಿದೆ ಅಂತ ನೋಡೋ ಆಂಟಿಬಾಡಿ ಪರೀಕ್ಷೆ ಇತ್ತು. ರಿಪೋರ್ಟ್ ಚೆನ್ನಾಗಿ ಬಂದರೆ ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಊರಿಗೆ ಹೋಗಬೇಕು ಅನ್ನೋ ಆಸೆ ಆಕೆಗೆ. ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ.

ಪಕ್ಕದಲ್ಲಿದ್ದ ಗಂಡ ತಡೆಯಲಾರದೆ ಅಂಗಿ ತೋಳು ಮಡಚಿ ಕೈ ಚಾಚಿದರು. "ನಂದ ತಗೋರಿ ಸರ. ಆಕಿ ಹೊಟ್ಟ್ಯಾಗ ಇರೂದು ನನ್ನ ಕಿಡ್ನಿ. ಕೋವಿಡ್ ಸೂಜಿನೂ ಇಬ್ರೂ ಒಂದ ದಿನ ಮಾಡಿಸ್ಕೊಂಡೀವಿ."

"ಸುಮ್ನಿರ್ರಿ ನೀವು," ಅಂತ ಆಕೆ ನಕ್ಕರು. ನಾನೂ ನಕ್ಕೆ. ಮೂರನೇ ಸಲಕ್ಕೆ ರಕ್ತ ಬಂತು.

ಮರುದಿನ ಗಂಡನ ಫೋನು. ರಿಪೋರ್ಟ್ ಇಂಗ್ಲಿಷಿನಾಗೈತಿ, ಏನಂತ ಹೇಳ್ರಿ ಅಂದರು. ಆಂಟಿಬಾಡಿ ಏನೂ ಕಾಣಿಸಿಲ್ಲ, ಇದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಡಾಕ್ಟರನ್ನ ಕೇಳಿ ಅಂದೆ. ಅಷ್ಟಕ್ಕೇ ಬಿಡಬಹುದಿತ್ತು.

"ಯಾಕ ಹಿಂಗಾತ್ರಿ?"

ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಕಿಡ್ನಿನ ಅವರ ಮೈ ಬೇಡ ಅನ್ನಬಾರದು ಅಂತ ಮಾತ್ರೆ ಕೊಡ್ತಾರಲ್ಲ ಅಣ್ಣ, ಆ ಮಾತ್ರೆಯಿಂದ್ಲೇ ಲಸಿಕೆನೂ ಸರಿಯಾಗಿ ಹತ್ತಲ್ಲ."

ಅವರ ದನಿ ಮೆಲ್ಲಗಾಯಿತು. "ಹಂಗಾರ ನನ್ನ ಕಿಡ್ನಿ ಸಲುವಾಗೇ ಆಕಿ ಕುಬಸಕ್ಕ ಹೋಗಾಕಾಗವಲ್ತು ಅನ್ರಿ."

ರಿಪೋರ್ಟ್ ವಿವರಿಸೋದು ಡಾಕ್ಟರ ಕೆಲಸ, ನಮ್ಮದಲ್ಲ ಅಂತ ಲ್ಯಾಬಿನಲ್ಲೊಂದು ರೂಲ್ಸ್ ಇದೆ. ಡಾಕ್ಟರುಗಳು ತಮ್ಮ ಒಣ ಜಂಭಕ್ಕೆ ಮಾಡಿಕೊಂಡಿದ್ದು ಅಂತ ಇಷ್ಟು ವರ್ಷ ಬೈಕೊಂಡು ತಿರುಗಿದ್ದೆ.