ತಾಂಜಾನಿಯಾದ ಕರೆಂಟು, ಬೂಕನಕೆರೆಯ ವಿಚಾರಣೆ

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಬೂಕನಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಪೂರ್ವ ಆಫ್ರಿಕಾದ ವಿದ್ಯುತ್ ಪರಿಸ್ಥಿತಿಯನ್ನು ಕುರಿತು ಗಂಭೀರವಾದ ವಿಚಾರಣೆ ನಡೆಯಿತು. ಆ ಖಂಡದ ಯಾವ ಸರ್ಕಾರಕ್ಕೂ ಈ ಸಂಗತಿ ತಿಳಿದಂತಿಲ್ಲ. ವಿಚಾರಣೆ ನಡೆಸಿದವಳು ನಮ್ಮವ್ವ. ಕಟಕಟೆಯಲ್ಲಿ ನಿಂತವರು ಭಾವ.

ಭಾವ ತಾಂಜಾನಿಯಾದ ಒಂದು ಸಣ್ಣ ಊರಿನಲ್ಲಿ ಗಣಿತದ ಮೇಷ್ಟರು. ಮದುವೆಯಾದ ಮೇಲೆ ಅಕ್ಕನನ್ನು ನಮ್ಮಲ್ಲೇ ಬಿಟ್ಟು ಹೋಗಿದ್ದವರು, ಈಗ ಕರೆದೊಯ್ಯಲು ಬಂದಿದ್ದರು. ಅಕ್ಕ ಸೂಟ್‌ಕೇಸು ತುಂಬಿ ಆಗಿತ್ತು. ಅವ್ವ ಮಾತ್ರ ಒಪ್ಪಿರಲಿಲ್ಲ. ಅವ್ವ ಒಪ್ಪದೆ ನಮ್ಮ ಮನೆಯಿಂದ ಎಮ್ಮೆಯೂ ಆಚೆಗೆ ಹೋದದ್ದಿಲ್ಲ.

"ಅಲ್ಲಿ ಕರೆಂಟು ಐತಾ ಅಳಿಯಂದ್ರೆ?"

"ಏನತ್ತೆ ಇಂಗಂತೀರಿ! ದೊಡ್ಡ ದೊಡ್ಡ ಅಣೆಕಟ್ಟು ಕಟ್ಟವ್ರೆ. ಎಲ್ಲಾ ಕರೆಂಟೇಯ. ಒಲೆ ಕೂಡ. ಸ್ವಿಚ್ ಒತ್ತುದ್ರೆ ಅನ್ನ!"

ಭಾವ ಗೆದ್ದವರಂತೆ ಮೀಸೆ ನೇವರಿಸಿಕೊಂಡರು. ಅವ್ವನ ಮುಖ ಇಳಿಯಿತು.

"ಅಯ್ಯೋ ಸಿವನೆ! ಸ್ವಿಚ್ ಒತ್ತೋ ಊರಲ್ಲಿ ನಮ್ಮುಡುಗಿ ಯಾರ ಕೂಟೆ ಮಾತಾಡ್ತಾಳೆ? ಸೌದೆ ಕೇಳಕ್ಕಾದ್ರೂ ಪಕ್ಕದ್ಮನೆ ಬಾಗ್ಲಿಗೆ ಹೋಗ್ಬೇಕಲ್ಲ. ಒಂಟಿ ಪಿಸಾಚಿ ಆಗೋಯ್ತಾಳೆ. ಬ್ಯಾಡಿ, ನೀವೇ ಇಲ್ಲಿಗೆ ಬಂದ್ಬುಡಿ."

ಅಕ್ಕ ಅಡುಗೆಮನೆಗೆ ಹೋಗಿ, ಕಾಯಿಚೂರಿನ ಜೊತೆ ತನ್ನ ಸಿಟ್ಟನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದಳು. ಚಟ್ನಿ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.

ಕರೆಂಟು ಹೋದರೆ ನಮ್ಮಲ್ಲಿ ಒಂದು ವಿಧಿಯಿತ್ತು. ಮೊದಲು "ಹೋಯ್ತು" ಎಂದು ಸಾರಬೇಕು. ಗೊತ್ತಾಗದವರು ಯಾರೂ ಇರುವುದಿಲ್ಲ, ಆದರೂ ಸಾರಬೇಕು. ಆಮೇಲೆ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪಡಸಾಲೆಯ ಬಲ್ಬಿನದೊಂದನ್ನು ಮಾತ್ರ ಹಾಗೇ ಬಿಡಬೇಕು. ಆ ಬಲ್ಬು ಹೊತ್ತಿದ ಕೂಡಲೇ ಅಪ್ಪ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿ ಪಂಪ್‌ಸೆಟ್ಟಿನ ಕಡೆ ಓಡಬೇಕು.

ಅಂದು ಭಾವ ತಾವಾಗಿಯೇ ಎದ್ದರು. "ಹೋಯ್ತು" ಎಂದರು. ಮಿಕ್ಸಿಯ ಪ್ಲಗ್ಗು ಕಿತ್ತರು, ಫ್ಯಾನು ಆರಿಸಿದರು, ರೇಡಿಯೋ ಆರಿಸಿದರು, ಪಡಸಾಲೆಯ ಬಲ್ಬಿನ ಸ್ವಿಚ್ಚನ್ನು ಮಾತ್ರ ಮುಟ್ಟಲಿಲ್ಲ. ಮದುವೆಗೆ ಮುಂಚೆ ಈ ಪೇಟೆಯ ಹುಡುಗ ಕುಡಿದ ಲೋಟವನ್ನೂ ಎತ್ತಿಟ್ಟವನಲ್ಲ ಎಂದು ಅವರ ತಾಯಿಯೇ ಹೆಮ್ಮೆಯಿಂದ ಹೇಳಿದ್ದರು.

ಅವ್ವ ಕಣ್ಣು ಕಿರಿದು ಮಾಡಿದಳು. "ಇದ್ನೆಲ್ಲಾ ಎಲ್ಲಿ ಕಲಿತ್ರಿ?"

ಭಾವ ತಲೆ ತಗ್ಗಿಸಿದರು. "ಅಲ್ಲೇ ಅತ್ತೆ. ಮಳೆ ಕೈಕೊಟ್ರೆ ಅಣೆಕಟ್ಟಲ್ಲಿ ನೀರಿರಲ್ಲ, ಸರದಿ ಮ್ಯಾಲೆ ಕರೆಂಟು ಬುಡ್ತಾರೆ. ಸುತ್ತ ಹಳ್ಳಿಗೆ ಕಂಬಾನೇ ಇಲ್ಲ. ಎಲ್ಲಾರ್ದೂ ಇದ್ದಿಲೊಲೆ."

"ಮತ್ತೆ ಕರೆಂಟೊಲೆ?"

"ಐತೆ. ಅದ್ರ ಮ್ಯಾಲೆ ಪುಸ್ತಕ ಜೋಡ್ಸಿವ್ನಿ. ಪಕ್ಕದ್ಮನೆಯಮ್ಮ ದಿನಾ ಕೆಂಡ ಕೊಡ್ತಾರೆ, ನಾನು ಅವರ ಮಕ್ಳಿಗೆ ಲೆಕ್ಕ ಹೇಳ್ಕೊಡ್ತೀನಿ."

"ಕೇಳುದ್ ತಕ್ಸಣ ಕೊಡ್ತಾಳಾ?"

"ಕೇಳಕ್ ಮುಂಚೇನೆ ಅತ್ತೆ. ಬಂದೋಳು ಅರ್ಧ ಗಂಟೆ ಮಾತಾಡ್ದೆ ಹೋಗಲ್ಲ."

ಅವ್ವ ಅಡುಗೆಮನೆಯ ಕಡೆ ಕೂಗಿದಳು: "ಲೇ, ಅಪ್ಪಳ ಒಂದೇ ಕಟ್ಟು ಇಟ್ಕಂಡಿದ್ದೀಯಲ್ಲೇ? ಆ ಯಮ್ಮಂಗೊಂದು ಕಟ್ಟು ಇಕ್ಕು!"

ಅಕ್ಕನ ರೇಷ್ಮೆ ಸೀರೆಯೊಂದು ಹೊರಗೆ ಬಂದು ಹಪ್ಪಳಕ್ಕೆ ಜಾಗ ಬಿಟ್ಟುಕೊಟ್ಟಿತು. ಅಳಿಯ ಮಗಳನ್ನು ಎಷ್ಟು ದೂರಕ್ಕೆ ಕರೆದೊಯ್ಯುತ್ತಾನೆಂದು ಸಂಜೆ ಎದುರುಮನೆಯವರು ಕೇಳಿದರು.

"ದೂರ ಏನಿಲ್ಲ ಬುಡವ್ವ," ಎಂದಳು ಅವ್ವ. "ನಮ್ ನಾಗಮಂಗಲದ ಕಡೆ ಇದ್ದಂಗೇಯ."