ಒತ್ತೆಯಿಲ್ಲದೆ ಹೊಸಿಲು ದಾಟದ ಗರಡಿ

ಸೋಮನೂರಿನ ನೇಕಾರರ ಬೀದಿಯಲ್ಲಿ ಯಾರ ಬಿಂದಿಗೆ ಬಾವಿಗೆ ಬಿದ್ದರೂ ಮೊದಲು ಬರುವುದು ಕಾಮಾಕ್ಷಿಯಮ್ಮನ ಬಾಗಿಲಿಗೆ. ಕಬ್ಬಿಣದ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಇದ್ದದ್ದು ಆಕೆಯ ಮನೆಯಲ್ಲೊಂದೇ. ಹಗ್ಗ ಕಟ್ಟಿ ಇಳಿಸಿದರೆ ಬಿದ್ದದ್ದು ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತದೆ. ಆಕೆಯ ಅತ್ತೆ ಮಾಡಿದ ಕಟ್ಟಳೆ ಏನೆಂದರೆ, ಒತ್ತೆಗೆ ಪಾತ್ರೆ ಇಡದೆ ಗರಡಿ ಹೊಸಿಲು ದಾಟಬಾರದು. ಗರಡಿ ಬಾರದೆ ಪಾತ್ರೆ ಹೋಗಬಾರದು. ಒಡಹುಟ್ಟಿದ ತಂಗಿ ಕೇಳಿದಾಗಲೂ ಕಾಮಾಕ್ಷಿಯಮ್ಮ ತಪ್ಪಲೆ ಇರಿಸಿಕೊಂಡೇ ಕೊಟ್ಟಿದ್ದಳು.

ಈ ಬೇಸಿಗೆಯಲ್ಲಿ ಪಕ್ಕದ ಮನೆಯ ತಂಗಮಣಿ ತನ್ನ ತಾಯಿ ಕೊಟ್ಟ ಹಿತ್ತಾಳೆ ಕೊಡವನ್ನು ಒತ್ತೆಯಿಟ್ಟು ಗರಡಿ ಒಯ್ದಳು. ಹಗ್ಗ ಹರಿದು ಗರಡಿಯೇ ಬಾವಿ ಸೇರಿತು. ಅದನ್ನು ಎತ್ತಲು ಇನ್ನೊಂದು ಗರಡಿ ಬೀದಿಯಲ್ಲಿರಲಿಲ್ಲ.

"ಅಕ್ಕಾ, ಅದು ನಮ್ಮವ್ವನ ಕೊಡ," ಎಂದು ಅತ್ತಳು ತಂಗಮಣಿ.

"ಗೊತ್ತಮ್ಮ. ನಮ್ಮತ್ತೆ ಗರಡಿ ನಿನ್ ಬಾವೀಲೈತೆ. ನಾನೇನ್ ಮಾಡ್ಲಿ?"

ಅಂದು ಕಾಮಾಕ್ಷಿಯಮ್ಮನಿಗೂ ಊಟ ಸೇರಲಿಲ್ಲ. ಕೊಡ ಮಾತ್ರ ಅಟ್ಟದಿಂದ ಇಳಿಯಲಿಲ್ಲ.

ಆಕೆಯ ಮಹಡಿಯಲ್ಲಿ ಬಾಡಿಗೆಗಿದ್ದ ದಾವಣಗೆರೆಯ ಶ್ರೀಹರ್ಷ ಶರವಣಂಪಟ್ಟಿಯ ಕಂಪನಿಯೊಂದರಲ್ಲಿ ಎಂಜಿನಿಯರು. ದಡದಲ್ಲಿ ಕೂತೇ ನೀರಿನಡಿ ಓಡಿಸುವ ಯಂತ್ರಗಳನ್ನು ಬಂದರು, ಅಣೆಕಟ್ಟುಗಳಿಗೆ ಒದಗಿಸುವ ಕಂಪನಿ ಅದು. ಹತ್ತಿರದಲ್ಲಿ ಸಮುದ್ರವಿಲ್ಲ, ಪರೀಕ್ಷೆಗೆ ಅವರೂ ಬಾವಿಗಳನ್ನೇ ಹುಡುಕುತ್ತಿದ್ದರು. ಗರಡಿ ಬಿದ್ದ ಸುದ್ದಿ ಕೇಳಿದ್ದೇ ತಡ, ಭಾನುವಾರ ಯಂತ್ರ ತಂದ. ಕಾಮಾಕ್ಷಿಯಮ್ಮ ಇಡ್ಲಿಪಾತ್ರೆಯನ್ನು ಅವನ ಕೈಗಿಟ್ಟಳು.

"ಇದ್ಯಾಕಮ್ಮಾ?"

"ಅಡಮಾನ, ತಂಬಿ. ನಿನ್ ಮೆಷಿನ್ ಮೇಲೆ ಬರೋಗಂಟ ಇಟ್ಕೋ."

"ನಮ್ಮ ಕಂಪನೀಲಿ ಹಾಗೆಲ್ಲ ಇಲ್ಲಮ್ಮಾ."

"ಅದಕ್ಕೇ ಹೇಳ್ಕೊಡ್ತಿರೋದು."

ಯಂತ್ರ ಇಳಿಯಿತು. ಪರದೆಯಲ್ಲಿ ಗರಡಿ ಕಂಡಿತು. ಯಂತ್ರ ತನ್ನ ಕೈ ಚಾಚುವಷ್ಟರಲ್ಲಿ ಗರಡಿಯ ಕೊಕ್ಕೆಗಳು ಅದರ ಚೌಕಟ್ಟಿಗೆ ಸಿಕ್ಕಿಕೊಂಡವು. ಆ ಭಾರಕ್ಕೆ ಯಂತ್ರ ಮೇಲೇಳಲಿಲ್ಲ. ಶ್ರೀಹರ್ಷ ಬೆವೆತ. ಕಡೆಗೆ ಮೂವರೂ ಕೇಬಲ್ ಹಿಡಿದು ನೀರು ಸೇದಿದಂತೆ ಸೇದಿದರು. ಎರಡೂ ತಬ್ಬಿಕೊಂಡೇ ಮೇಲೆ ಬಂದವು.

"ಮೆಷಿನ್ ಎತ್ಬಿಡ್ತು ಅಕ್ಕಾ!" ಎಂದಳು ತಂಗಮಣಿ.

ಕಾಮಾಕ್ಷಿಯಮ್ಮ ಬಗ್ಗಿ ನೋಡಿದಳು. ಯಂತ್ರದ ಕೈ ಖಾಲಿಯಿತ್ತು.

"ಹಿಡಿದಿರೋದು ನಮ್ ಗರಡಿ. ತಂಬಿ, ಅಡಮಾನ ನೀನ್ ಇಡಬೇಕಿತ್ತು," ಎಂದು ಇಡ್ಲಿಪಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಗರಡಿ ಒಳಗೆ ಹೋದ ಮೇಲೆ ಕೊಡ ಹೊರಗೆ ಬಂತು. ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಹೊಸದರಂತೆ ಹೊಳೆಯುತ್ತಿತ್ತು.

"ಬೆಳಗಿದ್ದೀಯಾ ಅಕ್ಕಾ?" ಎಂದಳು ತಂಗಮಣಿ.

"ಇನ್ನೊಬ್ರ ಕೊಡ ಕಿಲುಬು ಹಿಡಿದ್ರೆ ಅತ್ತೆ ಬೈತಾರೆ."

ಅತ್ತೆ ತೀರಿಹೋಗಿ ಬಹಳ ವರ್ಷಗಳಾಗಿದ್ದವು.