ಅಳಿಸೋ ಅಕ್ಕನ ಹನ್ನೊಂದು ಸಾಲು

ಬೆಳಗಿನ ಐದೂಕಾಲು. ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಫೋನುಗಳು ತುಸು ಸುಮ್ಮನಿರುವ ಹೊತ್ತು. ಮೂಲೆಯ ಕಂಪ್ಯೂಟರ್ ಮುಂದೆ ಕೂತಿರುವ ನಲವತ್ತಾರರ ಹೆಂಗಸು, ಪರದೆಯ ಮೇಲಿನ ಪ್ರೋಗ್ರಾಂ ಕೋಡನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಾರೆ. ಒಂದು ಕಡೆ ಓದು ತಡವರಿಸುತ್ತದೆ. ತಲೆ ಕೆರೆದುಕೊಳ್ಳುತ್ತಾರೆ, ಮತ್ತೆ ಓದುತ್ತಾರೆ, ಆರು ಸಾಲು ಅಳಿಸಿಹಾಕುತ್ತಾರೆ.

"ಬಾಯಲ್ಲಿ ಓದೋಕೆ ತೊಡಕಾದ್ರೆ ಅಲ್ಲೇನೋ ಗಂಟಿದೆ ಅಂತ ಅರ್ಥ," ಎನ್ನುತ್ತಾರೆ. ಮರುಗಳಿಗೆಯೇ ಅನುಮಾನ. "ಗಂಟು ನನ್ನ ತಲೆಯಲ್ಲೇ ಇದ್ರೂ ಇರಬಹುದು."

ಕೇಂದ್ರದಲ್ಲಿ ಇವರನ್ನು ಎಲ್ಲರೂ ಕರೆಯುವುದು ಅಳಿಸೋ ಅಕ್ಕ ಎಂದೇ. ಹತ್ತೊಂಬತ್ತು ವರ್ಷಗಳ ಹಿಂದೆ ಟೈಪಿಸ್ಟ್ ಆಗಿ ಸೇರಿದವರು. ಕೋಡಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಆರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಗಂಡ ಕುಸಿದು ಬಿದ್ದರು. ತಮ್ಮದೇ ಕೇಂದ್ರಕ್ಕೆ ಫೋನು ಮಾಡಿದರೆ, ಆ ಕಡೆಯ ಗೆಳತಿ, "ಕಂಪ್ಯೂಟರ್ ಹುಡುಕ್ತಾ ಇದೆ ಕಣೇ, ಲೈನಲ್ಲಿರು," ಎಂದಳು. ಹತ್ತಿರದ ವಾಹನ ಯಾವುದೆಂದು ಹೇಳಲು ಅದು ತೆಗೆದುಕೊಂಡದ್ದು ನಲವತ್ತು ಸೆಕೆಂಡು.

ಗಂಡ ಬದುಕಿದರು. ಎಡಗೈಯಲ್ಲಿ ಮಾತ್ರ ಇನ್ನೂ ಬಲವಿಲ್ಲ. "ಆ ನಲವತ್ತು ಸೆಕೆಂಡಿಂದಲೇ ಕೈ ಹೋಯ್ತಾ ಅಂತ ಡಾಕ್ಟರನ್ನ ಕೇಳ್ದೆ. ಹೇಳೋಕಾಗಲ್ಲ ಅಂದ್ರು. ನಂಗೂ ಇವತ್ತಿನವರೆಗೆ ಗೊತ್ತಾಗಿಲ್ಲ."

ಆಸ್ಪತ್ರೆಯ ಬೆಂಚಿನ ಮೇಲೆಯೇ ಕೋಡ್ ಬರೆಯಲು ಕಲಿಸುವ ಪುಸ್ತಕ ಹಿಡಿದರು. ಒಂದೂವರೆ ವರ್ಷ ಕಲಿತು, ವಾಹನ ಹುಡುಕುವ ಆ ಕೋಡಿಗೆ ಕೈ ಹಾಕಿದರೆ ಕಂಡದ್ದು ಬರೀ ತೇಪೆ. ಅರವತ್ತೆಂಟು ವಾಹನಗಳಲ್ಲಿ ಒಂದೊಂದನ್ನು ನೋಡುವಾಗಲೂ ಅದು ಊರಿನ ಇಡೀ ವಿಳಾಸ ಪಟ್ಟಿಯನ್ನು ಮೊದಲಿಂದ ಓದುತ್ತಿತ್ತು. "ಒಂದು ಚಮಚ ಬೇಕು ಅಂತ ಪ್ರತಿ ಸಲ ಅಡುಗೆಮನೆ ಪಾತ್ರೆಯೆಲ್ಲ ಕೆಳಗಿಳಿಸಿ ಮತ್ತೆ ಜೋಡಿಸಿದ ಹಾಗೆ. ಒಂದ್ಸಲ ಓದಿ ಇಟ್ಕೊ ಅಂತ ಹೇಳ್ದೆ, ಅಷ್ಟೇ." ಮುನ್ನೂರ ನಲವತ್ತು ಸಾಲಿದ್ದ ಕಡೆ ಹನ್ನೊಂದು ಉಳಿದವು. ಈಗ ಉತ್ತರ ಒಂದು ಸೆಕೆಂಡಿನೊಳಗೆ ಬರುತ್ತದೆ.

ಎಲ್ಲ ಸಲವೂ ಹೀಗೆ ಸಲೀಸಾಗಿಲ್ಲ. ಇನ್ನೊಂದು ಕಡೆ 'ಮೂರು ಸೆಕೆಂಡು ಕಾಯಿ' ಎಂಬ ಸಾಲಿತ್ತು. ಏಕೆಂದು ಯಾರಿಗೂ ಗೊತ್ತಿರಲಿಲ್ಲ. ದಂಡಕ್ಕಿದೆ ಎಂದು ತೆಗೆದರು. ಅಂದೇ ಬೆಳಿಗ್ಗೆ ಒಂದೇ ಮನೆಯ ಬಾಗಿಲಿಗೆ ಎರಡು ಆಂಬುಲೆನ್ಸ್ ಹೋಗಿ ನಿಂತವು. ಮೊದಲ ಚಾಲಕನ ಒಪ್ಪಿಗೆ ಬಂದು ಮುಟ್ಟಲು ಆ ಮೂರು ಸೆಕೆಂಡು ಬೇಕಿತ್ತು; ಕಾಯದ ಕಂಪ್ಯೂಟರ್ ಎರಡನೆಯವನನ್ನೂ ಕಳಿಸಿಬಿಟ್ಟಿತ್ತು. ಸಾಲನ್ನು ವಾಪಸು ಹಾಕಿದರು, ಪಕ್ಕದಲ್ಲಿ ಕಾರಣವನ್ನೂ ಬರೆದರು. "ಸರಳ ಯಾವುದು, ಬರೀ ಕಮ್ಮಿ ಯಾವುದು ಅಂತ ಈಗ್ಲೂ ಗೊಂದಲವೇ. ಅದಕ್ಕೇ ಅಳಿಸೋ ಮುಂಚೆ ಸಿಕ್ಕಸಿಕ್ಕವರನ್ನೆಲ್ಲ ಕೇಳ್ತೀನಿ. ಡ್ರೈವರುಗಳಂತೂ ನನ್ನ ಕಂಡ್ರೆ ತಪ್ಪಿಸ್ಕೊಂಡು ಓಡ್ತಾರೆ."

ಕಚೇರಿಗೂ ಇವರದೊಂದು ಗೊಂದಲ. ವಾರ್ಷಿಕ ವರದಿಯಲ್ಲಿ 'ಎಷ್ಟು ಸಾಲು ಬರೆದಿರಿ?' ಎಂಬ ಕಾಲಂ ಇದೆ. ಕಳೆದ ವರ್ಷ ಅಲ್ಲಿ ತುಂಬಬೇಕಿದ್ದದ್ದು ಮೈನಸ್ ನಾಲ್ಕು ಸಾವಿರದ ಇನ್ನೂರ ಆರು.

"ನಿಮ್ಮನ್ನ ಏನಂತ ತೋರಿಸಲಿ?" ಎಂದು ಮೇಲಧಿಕಾರಿ ಕೇಳಿದರು.

"ನಂಗೂ ಗೊತ್ತಾಗ್ತಿಲ್ಲ ಸರ್."

ಮೇಲಧಿಕಾರಿ ಸೊನ್ನೆ ಬರೆದರು. ಮನೆಯಲ್ಲಿ ಅತ್ತೆಯದೂ ಅದೇ ರಾಗ: "ಅಳಿಸಿ ಬರೋಕೆ ಇಷ್ಟು ಬೇಗ ಏಳ್ಬೇಕೇನೇ?"

ಏಳು ಗಂಟೆ. ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿವೆ. ಇಷ್ಟೆಲ್ಲ ಮಾಡಿ ನಿಮಗೇನು ಬೇಕು ಎಂದರೆ ಪರದೆಯ ಮೇಲಿನ ಕೋಡಿನತ್ತ ಬೆರಳು ತೋರಿಸುತ್ತಾರೆ.

"ನನ್ನ ಜಾಗಕ್ಕೆ ಬರೋರು ಇದನ್ನ ಓದಿ, ಇದರಲ್ಲೇನಿದೆ, ಯಾರು ಬೇಕಾದ್ರೂ ಬರೀತಿದ್ರು ಅನ್ಬೇಕು," ಎನ್ನುತ್ತಾರೆ. "ಹಾಗಂದಾಗ ನಂಗೆ ಖುಷಿ ಆಗುತ್ತೋ ಬೇಜಾರಾಗುತ್ತೋ, ಅದೊಂದು ಗೊತ್ತಿಲ್ಲ. ಆದ್ರೂ ಅನ್ಬೇಕು."